ಕುಕ್ಕರಿನ ಶೇಂಗಾ ಹಾಲು: ಒಳ್ಳೆ ಕಾಳು ಮೊದಲು ಮನೆಗಿರಲಿ

ಈಗ ಮೊಬೈಲ್ ತೆಗೆದರೆ ಸಾಕು, ಯಾರೋ ಒಬ್ಬರು ಕುಕ್ಕರಿನಲ್ಲಿ ಬಾದಾಮಿ ಬೇಯಿಸಿ, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, "ಅರ್ಧ ಗಂಟೆಯಲ್ಲಿ ಹಾಲು ರೆಡಿ" ಅಂತ ತೋರಿಸ್ತಿರ್ತಾರೆ. ಅದನ್ನು ನೋಡಿ ನಮ್ಮ ಮನೆಯಲ್ಲೂ ಒಂದು ದಿನ ಆ ಪ್ರಯೋಗ ನಡೀತು. ಬಾದಾಮಿ ತರೋ ಮಾತೇ ಇಲ್ಲ. ಬಡವರ ಬಾದಾಮಿ ಮನೆಯಲ್ಲೇ ಇತ್ತಲ್ಲ! ನನ್ನ ತಮ್ಮನ ಹೆಂಡತಿ ಮೂಲೆಯಲ್ಲಿದ್ದ ಚೀಲದಿಂದ ಎರಡು ಬೊಗಸೆ ಶೇಂಗಾ ಕಾಳು ತಗೊಂಡು ಬೇಯಿಸಿ, ರುಬ್ಬಿ, ಸೋಸಿ, ಬೆಲ್ಲ ಏಲಕ್ಕಿ ಹಾಕಿ ಲೋಟಕ್ಕೆ ಹಾಕಿದಳು. ನೋಡಾಕ ಬೆಳ್ಳಗೆ, ಗಟ್ಟಿಯಾಗಿ ಚೆನ್ನಾಗೇ ಇತ್ತು.

ಒಂದು ಗುಟುಕು ಕುಡಿದೆ. ಬೆಲ್ಲದ ಹಿಂದೆ ಸಣ್ಣಗೆ ಕಹಿ. ಎದ್ದು ಹೋಗಿ ಚೀಲ ಬಿಚ್ಚಿ ನೋಡಿದರೆ, ಪೀಚು ಕಾಳು, ಮುರುಕು ಕಾಳು, ನಡುವೆ ಅಲ್ಲಲ್ಲಿ ಕಪ್ಪಾದವು, ಹಸಿರು-ಹಳದಿ ಬೂಸ್ಟು ಹಿಡಿದವು. "ಯವ್ವಾ, ಇದು ಯಾವ ಚೀಲ?" ಅಂದೆ. ಅವ್ವ ಸಹಜವಾಗಿ ಹೇಳಿದಳು: "ಕಟಾವಿನ್ಯಾಗ ಮಳಿ ಬಂದು ತೊಯ್ದಿತ್ತಲ್ಲ, ಅದ. ಪ್ಯಾಟ್ಯಾಗ ಯಾರೂ ತಗೊಳ್ಳಲಿಲ್ಲ. ಮಾರಾಕ ಬರಲಿಲ್ಲ, ಮನಿಗೆ ಆದೀತು ಅಂತ ಇಟ್ಟೀನಿ."

ಅಷ್ಟೊತ್ತಿಗೆ ಮಕ್ಕಳಿಬ್ಬರೂ ಲೋಟ ಹಿಡಿದು ಕೂತಿದ್ದರು. ಕಸಿದುಕೊಂಡೆ. ಅವರು ಅತ್ತರು, ಅವ್ವನಿಗೂ ಬೇಜಾರಾಯ್ತು.

ಈ ಲೇಖನ ಬರೆಯೋಕೆ ಕಾರಣ ಅವ್ವನ ಆ ಒಂದು ಮಾತು. ತಪ್ಪು ಅವಳದಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಮಸಾರಿ ಹೊಲದಲ್ಲಿ ಶೇಂಗಾ ಬೆಳೆಯೋ ನಾವೆಲ್ಲ ತಲೆತಲಾಂತರದಿಂದ ಇದನ್ನೇ ಮಾಡ್ತಾ ಬಂದಿದ್ದೀವಿ. ದಪ್ಪ ಕಾಳು ಪೇಟೆಗೆ, ಉಳಿದಿದ್ದು ಮನೆಗೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಶೇಂಗಾ ಹಾಲು ಮಾಡ್ರಿ, ಕುಡೀರಿ, ಒಳ್ಳೇದು. ಆದರೆ ಈ ರೂಢಿ ಬಿಟ್ಟು ಮಾಡ್ರಿ. ಮನೆಗೆ ಉಳಿಯೋ ಕಾಳು ಹೊಲದ ಮೊದಲ ದರ್ಜೆಯ ಕಾಳೇ ಆಗಿರಬೇಕು. ಇಲ್ಲಾಂದ್ರೆ ಹಾಲು ಮಾಡೋದೇ ಬ್ಯಾಡ.

ನಮಗಿದು ಹೊಸದಲ್ಲ

"ಕಾಳಿನಿಂದ ಹಾಲು ಮಾಡೋದು ಸಿಟಿಯವರ ಫ್ಯಾಷನ್" ಅಂತ ನಗೋರಿಗೆ ಒಂದು ಮಾತು. ನಮ್ಮ ಕಡೆ ಎರಿ ಹೊಲದಲ್ಲಿ ಜೋಳದ ಅಂಚಿಗೆ ಕುಸುಬಿ ಬಿತ್ತುತ್ತಿದ್ದ ಕಾಲದಲ್ಲಿ ಕುಸುಬಿ ಹಾಲು ಮನೆಮನೆಯಲ್ಲೂ ಇತ್ತು. ಕುಸುಬಿ ನೆನೆಸಿ, ಒರಳಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಗೋಧಿ ನುಚ್ಚು ಬೆಲ್ಲ ಹಾಕಿ ಕುಸುಬಿ ಹುಗ್ಗಿ ಮಾಡೋರು. ನಿಮ್ಮ ಆಯಿನ್ನ ಕೇಳಿ ನೋಡ್ರಿ, ಬಾಯಲ್ಲಿ ನೀರು ಬರ್ತದೆ.

ಶೇಂಗಾದ್ದೂ ಹಳೇ ಕಥೆಯೇ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲೇ ಶೇಂಗಾದ ಪ್ರೋಟೀನ್ ಬೇರ್ಪಡಿಸಿ ಅದನ್ನು ದನದ ಹಾಲಿಗೆ ಬೆರೆಸಿ 'ಮಿಲ್ಟೋನ್' ಅನ್ನೋ ಪಾನೀಯ ಮಾಡಿದ್ದರು. ಹಾಲಿನ ಕೊರತೆ ಇದ್ದ ಕಾಲ ಅದು. ಇದ್ದ ಹಾಲನ್ನು ಹೆಚ್ಚು ಜನಕ್ಕೆ ಮುಟ್ಟಿಸೋದು ಅವರ ಉದ್ದೇಶ. ಅಂದರೆ ಬಾದಾಮಿ ರೀಲ್ಸ್ ಬರೋಕೂ ಐವತ್ತು ವರ್ಷ ಮೊದಲೇ ನಮ್ಮ ರಾಜ್ಯದಲ್ಲೇ ಶೇಂಗಾ ಲೋಟಕ್ಕೆ ಇಳಿದಿತ್ತು.

ಕುಕ್ಕರಿನಲ್ಲಿ ಮಾಡೋದು ಹೀಗೆ

ನಾನು ಈಗ ಮಾಡೋ ಅಳತೆ ಹೇಳ್ತೀನಿ. ಹಸನು ಮಾಡಿದ ಹಸಿ ಶೇಂಗಾ ಕಾಳು 100 ಗ್ರಾಂ. ಹುರಿದದ್ದು ಬ್ಯಾಡ. ಎರಡು ಸಲ ತೊಳೆದು ಕುಕ್ಕರಿಗೆ ಹಾಕಿ, ಕಾಳು ಮುಳುಗಿ ಮೇಲೆ ಎರಡು ಬೆರಳು ನಿಲ್ಲೋಷ್ಟು ನೀರು, ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ಎಣ್ಣೆ. ನಾಲ್ಕು ಸೀಟಿ ಆದ ಮೇಲೆ ಇಳಿಸಿ, ಹಬೆ ತಾನಾಗೇ ಇಳಿಯೋವರೆಗೆ ಬಿಡ್ರಿ. ರಾತ್ರಿ ನೆನೆಸಿಟ್ಟಿದ್ರೆ ಎರಡು ಸೀಟಿ ಸಾಕು. ಬೇಯಿಸಿದ ನೀರು ಚೆಲ್ಲಿ, ತಣ್ಣೀರಲ್ಲಿ ಕಾಳು ತಿಕ್ಕಿದರೆ ಸಿಪ್ಪೆ ಸಲೀಸಾಗಿ ಬಿಡ್ತದೆ.

ಆಮೇಲೆ ಮಿಕ್ಸಿಯಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಬೆಣ್ಣೆ ಹಂಗ ನುಣ್ಣಗೆ ರುಬ್ಬಿ, ನಂತರ ಉಳಿದ ನೀರು ಸೇರಿಸ್ರಿ. ಒಟ್ಟು 600 ಮಿಲಿ ನೀರು ಸಾಕು. ತೊಳೆದ ತೆಳು ಬಟ್ಟೆಯಲ್ಲಿ ಹಿಂಡಿದರೆ ಅರ್ಧ ಲೀಟರಿಗೂ ಮೇಲೆ ಹಾಲು ಬರ್ತದೆ. ಅದನ್ನು ತೆರೆದ ಪಾತ್ರೆಯಲ್ಲಿ ಕೈಯಾಡಿಸ್ತಾ ಐದು ನಿಮಿಷ ಕುದಿಸಿ ಇಳಿಸ್ರಿ. ಬೆಲ್ಲ ಇಳಿಸಿದ ಮೇಲೆ ಹಾಕ್ರಿ. ಕುದಿಯುವಾಗ ಹಾಕಿದರೆ ಒಡೆಯೋ ಸಾಧ್ಯತೆ ಇರ್ತದೆ. ಬಟ್ಟೆಯಲ್ಲಿ ಉಳಿದ ಚರಟವನ್ನು ಚಟ್ನಿಗೆ, ಪಲ್ಯಕ್ಕೆ, ಇಲ್ಲವೇ ರೊಟ್ಟಿ ಹಿಟ್ಟಿಗೆ ಬಳಸಬಹುದು. ಹಾಲು ಅವತ್ತೇ ಖಾಲಿ ಆಗಬೇಕು. ಫ್ರಿಜ್ ಇದ್ದರೆ ಮಾರನೇ ದಿನದವರೆಗೆ.

ಎರಡು ಎಚ್ಚರಿಕೆ. ಒಂದು, ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬ್ಯಾಡ್ರಿ. ಶೇಂಗಾ ನೊರೆ ಬರ್ತದೆ, ಸಿಪ್ಪೆಯೂ ಮೇಲೇಳ್ತದೆ. ಎರಡು, ರುಬ್ಬಿದ ಹಾಲನ್ನು ಯಾವತ್ತೂ ಕುಕ್ಕರಿನಲ್ಲಿ ಮುಚ್ಚಿ ಕುದಿಸಬ್ಯಾಡ್ರಿ. ನೊರೆ ಏರಿ ಸೀಟಿ ಕೂರೋ ತೂತು ಮುಚ್ಚಿದರೆ ಅಪಾಯ.

ಕುಕ್ಕರ್ ಏನು ಮಾಡ್ತದೆ ಅಂದ್ರೆ, ಕಾಳನ್ನು ಬೇಗ ಮೆತ್ತಗೆ ಮಾಡ್ತದೆ, ಹಸಿ ವಾಸನೆ ತೆಗೀತದೆ, ರೋಗಾಣು ಕೊಲ್ತದೆ. ಒಳಗಿನ ಶಾಖ ಸುಮಾರು 120 ಡಿಗ್ರಿವರೆಗೆ ಹೋಗ್ತದೆ. ಇದನ್ನು ನೋಡಿಯೇ ನಮ್ಮ ಜನ ಮೋಸ ಹೋಗೋದು. "ಅಷ್ಟು ಸೀಟಿ ಹೊಡಿಸಿದ ಮ್ಯಾಲ ಇನ್ನೇನು ಉಳಿದಿರತೈತಿ?" ಅಂತಾರೆ. ಉಳಿದಿರ್ತದೆ.

ಕುಕ್ಕರಿಗೆ ಜಗ್ಗದ ವಿಷ

ಶೇಂಗಾಕ್ಕೆ ಹತ್ತೋ ಆ ಹಸಿರು-ಹಳದಿ ಬೂಸ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ನಮ್ಮ ಹೊಲದ ಮಣ್ಣಿನಲ್ಲೇ ಇರೋ ಶಿಲೀಂಧ್ರ. ಅದು ಬಿಡೋ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು. ಹುಡುಕ್ತಾ ಹೋದಾಗ ಅವು ತಿಂದಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಅಲ್ಲಿಂದಲೇ ಜಗತ್ತಿಗೆ ಇದರ ಪರಿಚಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್ನನ್ನು ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತವಾಗಿರೋ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹೊಡೆತ ಬೀಳೋದು ಮುಖ್ಯವಾಗಿ ಲಿವರಿಗೆ. ಒಂದೇ ದಿನದಲ್ಲಿ ಗೊತ್ತಾಗಲ್ಲ, ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೋದರೂ ಕೆಡಿಸ್ತದೆ.

ಕುಕ್ಕರಿನ ಶಾಖಕ್ಕೆ ಬೂಸ್ಟು ಸಾಯ್ತದೆ. ಆದರೆ ಅದು ಆಗಲೇ ಬಿಟ್ಟಿರೋ ವಿಷ ಹಾಗೇ ಉಳೀತದೆ. ಅಫ್ಲಾಟಾಕ್ಸಿನ್ ಬಿ1 ಶುದ್ಧ ರೂಪದಲ್ಲಿ ಒಡೆಯೋದು ಸುಮಾರು 268 ಡಿಗ್ರಿಯಲ್ಲಿ. ನಮ್ಮ ಕುಕ್ಕರ್ ಅದರ ಅರ್ಧಕ್ಕೂ ಹೋಗಲ್ಲ. ನಾಲ್ಕು ಸೀಟಿ ಅಲ್ಲ, ನಲವತ್ತು ಸೀಟಿ ಹೊಡಿಸಿದರೂ ಅದನ್ನು ನಂಬೋ ಹಂಗಿಲ್ಲ. ನೀರಲ್ಲಿ ತೊಳೆದರೂ ಹೋಗಲ್ಲ.

ಹಾಲಿನ ವಿಷಯದಲ್ಲಿ ಇನ್ನೊಂದು ತೊಂದರೆ ಐತಿ. ಹುರಿದ ಶೇಂಗಾ ತಿನ್ನುವಾಗ ಕೆಟ್ಟ ಕಾಳು ಹಲ್ಲಿಗೆ ಸಿಕ್ಕರೆ ಕಹಿ ಆಗ್ತದೆ, ಥೂ ಅಂತ ಉಗುಳ್ತೀವಿ. ನಾಲಿಗೆಯೇ ನಮ್ಮ ಕಾವಲುಗಾರ. ಹಾಲು ಮಾಡಿದಾಗ ಆ ಕಾವಲು ಹೋಗ್ತದೆ. ಒಂದು ಕೆಟ್ಟ ಕಾಳು ನೂರು ಒಳ್ಳೆ ಕಾಳಿನ ಜೊತೆ ರುಬ್ಬಿ ಇಡೀ ಪಾತ್ರೆಗೆ ಬೆರೀತದೆ. ಮೇಲೆ ಬೆಲ್ಲ, ಏಲಕ್ಕಿ. ಕಹಿ ಎಲ್ಲಿ ತಿಳೀಬೇಕು? ಅಷ್ಟೇ ಅಲ್ಲ, ಕಹಿ ಬರೋದು ಕೆಟ್ಟ ಕಾಳಿನಿಂದ. ಅಫ್ಲಾಟಾಕ್ಸಿನ್ನಿಗೆ ಅದರದೇ ರುಚಿ ಇಲ್ಲ. ಕಹಿ ಇಲ್ಲ ಅಂದ ಮಾತ್ರಕ್ಕೆ ವಿಷ ಇಲ್ಲ ಅಂತಲ್ಲ. ಅದಕ್ಕೇ ಹಾಲಿಗೆ ಬಳಸೋ ಕಾಳು ಚಟ್ನಿಪುಡಿಗೆ ಬಳಸೋದಕ್ಕಿಂತ ಇನ್ನೂ ಹಸನಾಗಿರಬೇಕು ಅನ್ನೋದು ನನ್ನ ವಾದ.

ಮೊರದ ಮುಂದೆ ಹತ್ತು ನಿಮಿಷ

ಒಳ್ಳೇ ಸುದ್ದಿ ಏನಂದ್ರೆ, ಈ ವಿಷ ಎಲ್ಲಾ ಕಾಳಿಗೂ ಸಮನಾಗಿ ಹರಡಿರಲ್ಲ. ಕೆಲವೇ ಕಾಳಿನಲ್ಲಿ ಸಿಕ್ಕಾಪಟ್ಟೆ ಇರ್ತದೆ, ಉಳಿದದ್ದರಲ್ಲಿ ಇರೋದೇ ಇಲ್ಲ. ಹಾಗಾಗಿ ಕೈಯಿಂದ ಆರಿಸೋದೇ ನಮ್ಮ ಕೈಲಿರೋ ದೊಡ್ಡ ಅಸ್ತ್ರ. ಬೆಳಕಿನಲ್ಲಿ ಮೊರದ ಮೇಲೆ ಹರವಿ ಇವನ್ನು ತೆಗೀರಿ: ಬೂಸ್ಟು ಹಿಡಿದವು, ಬಣ್ಣ ಕೆಟ್ಟವು, ಸುಕ್ಕುಗಟ್ಟಿದ ಪೀಚು ಕಾಳು, ಹುಳ ಕೊರೆದವು, ಮುರಿದವು, ಮೊಳಕೆ ಬಂದವು. ಬೇಯಿಸಿ ಸಿಪ್ಪೆ ತೆಗೆದ ಮೇಲೆ ಇನ್ನೊಂದು ಸಲ ನೋಡ್ರಿ. ಬೇಳೆ ಎರಡಾಗಿ ಬಿಚ್ಚಿದಾಗ ಒಳಗೆ ಕಪ್ಪು, ಹಳದಿ ಕಂಡರೆ ಅದನ್ನೂ ತೆಗೀರಿ.

ಗಂಗಾವತಿ ಭಾಗದ ಗೆಳೆಯರದು ಹೆಚ್ಚಾಗಿ ಎಡದಂಡೆ ಕಾಲುವೆ ಕೆಳಗಿನ ಭತ್ತದ ಬದುಕು. ಶೇಂಗಾ ಕೊಂಡು ತರೋರು ಜಾಸ್ತಿ. ನಿಮಗೆ ನನ್ನ ಸಲಹೆ: ಅಗ್ಗಕ್ಕೆ ಸಿಗೋ ಮುರುಕು ಕಾಳು ಹಾಲಿಗೆ ತರಬ್ಯಾಡ್ರಿ. ಸಾಧ್ಯವಾದರೆ ಕಾಯಿಯನ್ನೇ ತಂದು, ಬೇಕಾದಾಗ ಬೇಕಾದಷ್ಟು ಒಡೆದುಕೊಳ್ರಿ. ಸಿಪ್ಪೆಯೊಳಗಿನ ಕಾಳು ಬೇಗ ಕೆಡಲ್ಲ.

ಹಾಲು ಶುರುವಾಗೋದು ಹೊಲದಾಗ

ಆರಿಸೋದು ಕೊನೇ ಕೆಲಸ. ಬೂಸ್ಟು ಹತ್ತದಂಗೆ ನೋಡಿಕೊಳ್ಳೋದು ಮೊದಲ ಕೆಲಸ. ಮನೆಗೆ ಬೇಕಾದ ಶೇಂಗಾಕ್ಕೆ ಒಂದು ನಾಲ್ಕು ಗುಂಟೆ ಗುರುತು ಮಾಡಿಕೊಂಡು ಅದನ್ನಾದರೂ ಸರಿಯಾಗಿ ಮಾಡ್ರಿ.

ಕಾಯಿ ತುಂಬೋ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಬೂಸ್ಟು ಹೆಚ್ಚು. ನಮ್ಮ ಕಡೆ ಇದು ಪ್ರತಿ ಎರಡು-ಮೂರು ವರ್ಷಕ್ಕೊಮ್ಮೆ ಅನುಭವಿಸಿದ್ದೇ. ಬೋರ್ ಇದ್ದೋರು ಆ ಹೊತ್ತಿಗೆ ಒಂದು ನೀರು ಕೊಟ್ಟರೆ ದೊಡ್ಡ ಉಪಕಾರ. ಹೂವಾಡುವ ಹೊತ್ತಿಗೆ ಎಕರೆಗೆ 200 ಕೆಜಿ ಜಿಪ್ಸಂ ಕೊಟ್ಟರೆ ಕಾಯಿಯ ಸಿಪ್ಪೆ ಗಟ್ಟಿಯಾಗ್ತದೆ, ಬಿರುಕು ಕಡಿಮೆ. ಬಿರುಕು ಬಿಟ್ಟ ಕಾಯಿ, ಗೆದ್ದಲು ಕೊರೆದ ಕಾಯಿಯೇ ಬೂಸ್ಟಿನ ಬಾಗಿಲು. ತಿಪ್ಪೆಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ ಹಾಕೋದೂ ಅನುಕೂಲ.

ಬಲಿತ ತಕ್ಷಣ ಕೀಳ್ರಿ. ಆಳು ಸಿಗಲಿಲ್ಲ ಅಂತ ಎರಡು ವಾರ ಬಿಟ್ಟರೆ ನೆಲದಲ್ಲೇ ಕೆಡ್ತದೆ. ಕಿತ್ತ ಗಿಡವನ್ನು ತಲೆಕೆಳಗು ಮಾಡಿ, ಕಾಯಿ ಮೇಲೆ ಬರೋ ಹಂಗೆ ಸಾಲಾಗಿ ಇಡ್ರಿ. ಹಸಿಯಾಗಿ ಗುಂಪಿ ಹಾಕಿದರೆ ಒಳಗೆ ಕಾವು ಹುಟ್ಟಿ ಬೂಸ್ಟಿಗೆ ಹಬ್ಬ. ಕಾಯಿ ಬಿಡಿಸಿದ ಮೇಲೆ ತೇವಾಂಶ ಶೇ 8ಕ್ಕೆ ಇಳಿಯೋವರೆಗೆ ಒಣಗಿಸ್ರಿ. ಮಾಪಕ ಇಲ್ಲದಿದ್ದರೆ ಕಿವಿಯ ಹತ್ರ ಕಾಯಿ ಅಲ್ಲಾಡಿಸ್ರಿ, ಕಾಳು ಗಲಗಲ ಅನ್ನಬೇಕು. ಚೀಲ ನೆಲಕ್ಕೆ, ಗೋಡೆಗೆ ತಾಗದಂಗೆ ಹಲಗೆ ಮೇಲೆ ಇಡ್ರಿ.

ಇನ್ನೊಂದು ಕೆಟ್ಟ ರೂಢಿ: ಮಷಿನ್‌ನಲ್ಲಿ ಒಡೆಸುವಾಗ ಕಾಳು ಮುರೀಬಾರದು ಅಂತ ಒಣ ಕಾಯಿಗೆ ನೀರು ಚಿಮುಕಿಸೋದು. ಒಣಗಿಸಿದ ಶ್ರಮವೆಲ್ಲ ಆ ಒಂದು ಬಕೆಟ್ ನೀರಲ್ಲಿ ಹೋಗ್ತದೆ. ಮನೆಯ ಶೇಂಗಾಕ್ಕಂತೂ ಇದನ್ನು ಮಾಡಲೇಬ್ಯಾಡ್ರಿ.

ಆರಿಸಿದ ಕೆಟ್ಟ ಕಾಳು ಎಲ್ಲಿಗೆ?

"ಹಂಗಾರ ಎಮ್ಮಿಗೆ ಹಾಕೂಣು" ಅನ್ನೋದು ಮುಂದಿನ ಮಾತು. ಬ್ಯಾಡ. ಎಮ್ಮೆ, ಆಕಳು ಈ ವಿಷ ತಿಂದರೆ ಅದರ ಒಂದು ಭಾಗ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿನಲ್ಲಿ ಬರ್ತದೆ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ ಶೇ 5.7ರಷ್ಟರಲ್ಲಿ ಇದು ಮಿತಿ ಮೀರಿತ್ತು. ಕಾಳಿನ ಹಾಲು ಬ್ಯಾಡ ಅಂತ ಚೆಲ್ಲಿ, ಅದೇ ವಿಷವನ್ನು ಎಮ್ಮೆ ಹಾಲಿನಲ್ಲಿ ಕುಡಿದಂಗಾಯ್ತು.

"ಗಾಣಕ್ಕೆ ಹಾಕೂಣು" ಅಂದರೂ ಅದೇ ಕಥೆ. ಶುದ್ಧೀಕರಿಸದ ಗಾಣದ ಎಣ್ಣೆಯಲ್ಲೂ ವಿಷದ ಅಂಶ ಉಳೀತದೆ, ಹಿಂಡಿಯಲ್ಲಂತೂ ಇನ್ನೂ ಹೆಚ್ಚು. ಬೂಸ್ಟು ಹಿಡಿದ ಕಾಳು ದನ, ಕೋಳಿ ಮುಟ್ಟದಂಗೆ ಆಳವಾಗಿ ಹುಗಿಯೋದೇ ಸರಿ. ಮನಸ್ಸಿಗೆ ಕಷ್ಟ, ಗೊತ್ತು. ನಮ್ಮ ಚೀಲ ಹುಗಿಯುವಾಗ ಅವ್ವ ಆ ಕಡೆ ಬರಲೇ ಇಲ್ಲ.

ಹಾಲು ಅಂದ ಮಾತ್ರಕ್ಕೆ ಹಾಲಲ್ಲ

ಶೇಂಗಾ ಹಾಲನ್ನು ಹೊಗಳೋ ಭರದಲ್ಲಿ ಸುಳ್ಳು ಹೇಳಬಾರದು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಐತಿ, ಅದರಲ್ಲಿ ಒಂದಿಷ್ಟು ಚರಟದಲ್ಲಿ ಉಳಿದರೂ ಒಳ್ಳೇ ಪಾಲು ಹಾಲಿಗೆ ಬರ್ತದೆ. ಆದರೆ ಸುಣ್ಣದಂಶ? 100 ಗ್ರಾಂ ಕಾಳಿನಲ್ಲಿ ಇರೋದೇ ಸುಮಾರು 90 ಮಿಲಿಗ್ರಾಂ. ಅದಷ್ಟೂ 600 ಮಿಲಿಗೆ ಹಂಚಿಹೋದರೆ 100 ಮಿಲಿಗೆ ಬರೋದು 15 ಮಿಲಿಗ್ರಾಂ. ಆಕಳ ಹಾಲಿನಲ್ಲಿ ಅಷ್ಟಕ್ಕೇ ಸುಮಾರು 120. ಬಿ12 ಜೀವಸತ್ವ ಶೇಂಗಾದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಆಕಳು, ಎಮ್ಮೆ ಹಾಲು ಬಿಟ್ಟು ಇದನ್ನೇ ಕುಡೀರಿ ಅಂತ ನಾನು ಹೇಳಲ್ಲ. ಚಹಾ, ಬಿಸ್ಕತ್ತಿನ ಬದಲು ಸಂಜೆ ಒಂದು ಲೋಟ ಇರಲಿ. ಒಂದು ವರ್ಷದೊಳಗಿನ ಕೂಸಿಗೆ ತಾಯಿ ಹಾಲಿನ ಬದಲಿಗೆ ಇದನ್ನು ಕೊಡಲೇಬಾರದು. ಕೆಲವರಿಗೆ ಶೇಂಗಾ ಅಲರ್ಜಿ ಇರ್ತದೆ. ತಿಂದಾಗ ಮೈ ದದ್ದು, ತುಟಿ ಊತ, ಉಸಿರು ಕಟ್ಟೋದು ಆಗಿದ್ದರೆ ಮುಟ್ಟಬ್ಯಾಡ್ರಿ.

ಇದನ್ನು ಬಾಟಲಿಗೆ ತುಂಬಿ ಮಾರೋ ಯೋಚನೆ ಇರೋ ಹುಡುಗರಿಗೂ ಒಂದು ಮಾತು. ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಲೇಬಲ್ ಮೇಲೆ 'ಹಾಲು' ಅಂತ ಹಾಕೋ ಹಂಗಿಲ್ಲ. ಸಸ್ಯಮೂಲದ ಪಾನೀಯಕ್ಕೆ ಹಾಲಿನ ಹೆಸರು ಬಳಸಬಾರದು ಅಂತ 2021ರಲ್ಲೇ ಎಫ್‌ಎಸ್‌ಎಸ್‌ಎಐ ಕ್ರಮ ತಗೊಂಡಿದೆ. ಅಫ್ಲಾಟಾಕ್ಸಿನ್ ಮಿತಿಯೂ ಬಿಗಿ: ಮುಂದೆ ಸಂಸ್ಕರಿಸೋ ಶೇಂಗಾದಲ್ಲಿ ಕೆಜಿಗೆ 15 ಮೈಕ್ರೋಗ್ರಾಂ, ನೇರವಾಗಿ ತಿನ್ನೋದರಲ್ಲಿ 10. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಅಂದರೆ ಒಂದು ಮೈಕ್ರೋಗ್ರಾಂ. ಇದು ಕಣ್ಣಿಗೆ ಕಾಣೋ ಲೆಕ್ಕ ಅಲ್ಲ. ಮಾರೋದಾದರೆ ಲ್ಯಾಬ್ ಪರೀಕ್ಷೆ ಮಾಡಿಸಲೇಬೇಕು.

ರೊಕ್ಕದ ಲೆಕ್ಕ

ಕೊನೆಗೆ ಎಲ್ಲರೂ ಕೇಳೋ ಪ್ರಶ್ನೆ: "ಒಳ್ಳೆ ಕಾಳು ಮನಿಗಿಟ್ಟರ ರೊಕ್ಕ ಎಲ್ಲಿಂದ ಬರಬೇಕ್ರಿ?" ಲೆಕ್ಕ ಹಾಕೋಣ. ವಾರಕ್ಕೆರಡು ಸಲ 100 ಗ್ರಾಂ ಅಂದರೆ ವರ್ಷಕ್ಕೆ ಸುಮಾರು ಹತ್ತೂವರೆ ಕೆಜಿ ಕಾಳು. ಕಾಯಿ ಲೆಕ್ಕದಲ್ಲಿ ಹದಿನೈದು-ಹದಿನಾರು ಕೆಜಿ, ಒಂದು ಚೀಲಕ್ಕೂ ಕಡಿಮೆ. 2025-26ರ ಬೆಂಬಲ ಬೆಲೆ ಕ್ವಿಂಟಲ್ ಕಾಯಿಗೆ 7,263 ರೂಪಾಯಿ. ಆ ಲೆಕ್ಕದಲ್ಲಿ ಇಡೀ ವರ್ಷಕ್ಕೆ ನಾವು ಬಿಟ್ಟುಕೊಡೋದು ಹೆಚ್ಚೆಂದರೆ 1,150 ರೂಪಾಯಿ ಆಸುಪಾಸು. ಅಷ್ಟು ರೊಕ್ಕವನ್ನು ನಾವು ಮೂರ್ನಾಲ್ಕು ತಿಂಗಳ ಮೊಬೈಲ್ ರೀಚಾರ್ಜಿಗೇ ಹಾಕ್ತೀವಿ.

ಪೇಟೆಯಲ್ಲಿ ಕಾಳು ಕೊಳ್ಳೋನು ಬೊಗಸೆಯಲ್ಲಿ ಹಿಡಿದು, ಉಜ್ಜಿ, ಮೂಸಿ ನೋಡಿ, ಕೆಟ್ಟದ್ದು ಕಂಡರೆ ಬ್ಯಾಡ ಅಂತಾನೆ. ನಮ್ಮ ಮನೆಯ ಮಕ್ಕಳು ಹಂಗ ನೋಡಲ್ಲ, ಲೋಟದಲ್ಲಿ ಕೊಟ್ಟಿದ್ದನ್ನು ಕುಡೀತಾರೆ. ಅವರ ಪರವಾಗಿ ನೋಡಬೇಕಾದವರು ನಾವು.

ಈ ಸಲ ನಮ್ಮ ಮನೆಯಲ್ಲಿ ಕಟಾವು ಮುಗಿದು ಕಾಯಿ ಒಣಗಿದ ಮೇಲೆ, ಗಾಡಿ ತುಂಬೋಕೂ ಮೊದಲು ಒಂದು ಚೀಲ ಬೇರೆ ತೆಗೆದಿಟ್ಟೆವು. ಮೊದಲ ದರ್ಜೆ ಕಾಯಿ. ಗುರುತಿಗೆ ಬಾಯಿಗೆ ಕೆಂಪು ದಾರ ಕಟ್ಟಿದ್ದು ಅವ್ವ. ನೀವೂ ಈ ಸುಗ್ಗಿಗೆ ಒಂದು ಚೀಲ ಕಟ್ಟಿಡ್ರಿ. ಕುಕ್ಕರ್ ಒಲೆ ಮೇಲೆ ಇಡೋದು ಆಮೇಲೆ.